ಮೂರು ಬಾಯಿಯ ಮನೆ

ನಮ್ಮ ಕಡೆ ಎಮ್ಮೆ ಕೊಂಡರೂ ಗಾಡಿ ಕೊಂಡರೂ ಮಂದಿ ಕೇಳುವುದು ಒಂದೇ ಮಾತು: "ಎಷ್ಟು ಕೊಡತೈತಿ?" ಬಣ್ಣ, ಬೆಲೆ, ಸೀಟು ಎಲ್ಲ ಆಮೇಲೆ. ಹೊಸ ಕಾರು ತಂದು ಮನೆ ಮುಂದೆ ನಿಲ್ಲಿಸಿ, ಪೂಜೆ ಮಾಡಿ, ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟು ತಲೆ ಎತ್ತುವಷ್ಟರಲ್ಲಿ ಎದುರುಮನೆಯ ಕಾಕಾ ಹಾಜರ್. ಲೀಟರಿಗೆ ಹದಿನೆಂಟು ಅಂದರೆ "ಅಡ್ಡಿ ಇಲ್ಲ" ಅನ್ನುತ್ತಾನೆ. ಹದಿನಾಲ್ಕು ಅಂದರೆ ಮಣ್ಣಿಗೆ ಬಂದವನ ಹಾಗೆ ಮುಖ ಮಾಡಿ ಸುಮ್ಮನೆ ನಿಲ್ಲುತ್ತಾನೆ. ಈ ಪ್ರಶ್ನೆಗೆ ಎದೆ ಸೆಟೆಸಿ "ಐದು" ಎಂದವನನ್ನು ನಾನು ಹೋದ ಚಳಿಗಾಲದಲ್ಲಿ ಮೊದಲ ಸಲ ನೋಡಿದೆ. ಅವನು ಬೇರೆ ಯಾರೂ ಅಲ್ಲ, ನನ್ನ ತಂಗಿಯ ಮಗ.

ಅಳಿಯನದು ಬೆಂಗಳೂರಿನ ಕಂಪ್ಯೂಟರ್ ನೌಕರಿ. ಹೆಂಡತಿ, ಎರಡು ಮಕ್ಕಳು, ಸಾಲದ ಫ್ಲಾಟು. ಒಂದು ಮನೆ ಸಾಲದೆಂದು ರಜೆಗೆ ಗಾಲಿ ಇರುವ ಇನ್ನೊಂದು ಮನೆ ಬಾಡಿಗೆಗೆ ಹಿಡಿದ. ಸಿನಿಮಾದವರು ಬಣ್ಣ ಹಚ್ಚಿಕೊಳ್ಳಲು ಕೂರುತ್ತಾರಲ್ಲ, ಆ ಕ್ಯಾರವಾನಿನ ಸಂಸಾರಸ್ಥ ಅವತಾರ. ಲಾರಿಯ ಚಾಸಿ ಮೇಲೆ ಕಟ್ಟಿದ ಮನೆ: ಹಾಸಿಗೆ, ಮಡಚುವ ಮೇಜು, ಗ್ಯಾಸ್ ಒಲೆ, ಫ್ರಿಜ್, ಟಿವಿ, ಬಚ್ಚಲು, ಪಾಯಖಾನೆ. ಡ್ರೈವರ್ ಬಾಡಿಗೆಯೊಳಗೇ ಬರುತ್ತಾನೆ. ಮಂಡ್ಯ ಕಡೆಯ ಹುಡುಗ. ಅಷ್ಟು ದೊಡ್ಡ ಮನೆಯಲ್ಲಿ ಅವನೊಬ್ಬನಿಗೇ ಮಲಗಲು ಜಾಗವಿಲ್ಲ.

"ಹೋಟೆಲ್ ಬುಕ್ಕಿಂಗ್ ಇಲ್ಲ, ಹನ್ನೆರಡಕ್ಕ ರೂಮ್ ಬಿಡ್ರಿ ಅನ್ನಾವ್ರಿಲ್ಲ. ಎಲ್ಲಿ ಬೇಕಾದ್ರ ಅಲ್ಲಿ ನಿಲ್ಲಸೋದು. ಯಾರ ಹಂಗೂ ಇಲ್ಲ ಮಾಮಾ" ಎಂದು ಫೋನಿನಲ್ಲಿ ಹೇಳಿದ. ಯಾರ ಹಂಗೂ ಇಲ್ಲ ಎಂಬ ಮಾತನ್ನು ನಾನು ಸ್ವಾಮಿಗಳ ಬಾಯಲ್ಲಿ ಕೇಳಿದ್ದೆ, ಬಾಡಿಗೆದಾರರ ಬಾಯಲ್ಲಿ ಕೇಳಿರಲಿಲ್ಲ.

ನಮ್ಮ ನಾಗಾವಿ ಗದಗಿಗೆ ಹತ್ತಿರದ ಊರು. ಮೊದಲೆಲ್ಲ ಹೆಸರು ಹೇಳಿದರೆ "ಅದೆಲ್ಲಿ ಬಂತ್ರಿ?" ಅನ್ನುತ್ತಿದ್ದರು. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಇಲ್ಲಿ ನೆಲೆಯೂರಿ, ಅದರ ಆವರಣದಲ್ಲಿ ಗಾಂಧೀಜಿಯ ಸಾಬರಮತಿ ಆಶ್ರಮದ ಪ್ರತಿರೂಪವೂ ಎದ್ದ ಮೇಲೆ "ಓಹೋ, ಯುನಿವರ್ಸಿಟಿ ಊರು" ಅನ್ನುತ್ತಾರೆ. ಅಳಿಯ ಊರೊಳಗೆ ಬರುವ ಮೊದಲೇ ಆ ಆಶ್ರಮ ನೋಡಿ ಬಂದಿದ್ದ. ಸರಳ ಬದುಕಿನ ಮುಂದೆ ತನ್ನ ಎರಡು ಎ.ಸಿ.ಗಳ ಮನೆ ನಿಲ್ಲಿಸಿಕೊಂಡು ಫೋಟೊ ತೆಗೆಸಿಕೊಂಡಿದ್ದನ್ನು ನನಗೂ ತೋರಿಸಿದ. ಚೆನ್ನಾಗಿ ಬಂದಿತ್ತು.

ಗಾಡಿ ನಮ್ಮ ಓಣಿಗೆ ಬರಲಿಲ್ಲ, ಬರಲಾರದು. ವಿದ್ಯುತ್ ತಂತಿ, ಒಣಹಾಕಿದ ಸೀರೆ, ಜಗಲಿಗಳು, ಜಗಲಿಯ ಮೇಲಿನ ಹಿರಿಯರು, ಇವನ್ನೆಲ್ಲ ಸರಿಸಿ ಹನ್ನೊಂದು ಅಡಿ ಎತ್ತರದ ಮನೆಯನ್ನು ಒಳಗೆ ತರುವುದು ಹೇಗೆ? ಊರ ಬಾಯಲ್ಲೇ ನಿಂತಿತು. ನಮ್ಮ ಮನೆಯಲ್ಲಿ ಹಾಸಿಗೆ ಹಾಸಿಟ್ಟಿದ್ದರೂ ಮಕ್ಕಳು ಅಲ್ಲೇ ಮಲಗುತ್ತೇವೆಂದು ಹಟ ಹಿಡಿದವು. ಎ.ಸಿ. ಬೇಕಲ್ಲ, ಜನರೇಟರು ರಾತ್ರಿಯೆಲ್ಲ ಗುರ್ ಅನ್ನುತ್ತಲೇ ಇತ್ತು. ಅದೂ ಅದೇ ಟ್ಯಾಂಕಿನ ಡೀಸೆಲ್ಲನ್ನೇ ಕುಡಿಯುತ್ತದೆ. ಬೆಳಿಗ್ಗೆ ಕಾಕಾ ತನ್ನ ಲೆಕ್ಕ ತಂದ.

"ತಾಸಿಗೆ ಒಂದ್ ಲೀಟರ್ ಹಿಡಿದ್ರೂ ಎಂಟು ಲೀಟರ್ ಆತು. ಎಷ್ಟು ಕಿಲೋಮೀಟರ್ ಬಂತು? ಸೊನ್ನಿ. ಅಲ್ಲೋ ತಮ್ಮಾ, ಬೇವಿನ ಗಿಡದ ಬುಡಕ ಹೊರಸು ಹಾಕ್ಕೊಂಡು ಮಲಗಿದ್ರ ಪುಕ್ಕಟ ಗಾಳಿ ಬರತಿತ್ತಲ್ಲೋ!"

ಕಾಕಾನ ಬೆನ್ನ ಹಿಂದೆ ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯ ಫ್ಯಾನುಗಳು ತಿರುಗುತ್ತಿದ್ದವು. ಅವು ಮಾಡಿದ ಕರೆಂಟು ಎಲ್ಲಿಗೆ ಹೋಗುತ್ತದೋ, ಕೆಳಗಿನ ನಾವು ಜನರೇಟರು ಹಚ್ಚಿ ಮಲಗುತ್ತೇವೆ. ಅಷ್ಟರಲ್ಲಿ ಡ್ರೈವರ್ ಕ್ಯಾಬಿನ್ನಿನಿಂದ ಕತ್ತು ಹೊರಹಾಕಿ, "ಸಾ, ಮುಳ್ಳು ಪೂರಾ ಕೆಳಗೆ ಬಿದ್ದೋಗದೆ. ಮೊದ್ಲು ಡೀಸಲ್ ಆಕುಸ್ಬೇಕು" ಅಂದ.

ಇಂಥ ಮನೆಗಳನ್ನು ನಮ್ಮ ಕಡೆಯವರು ನೋಡೇ ಇಲ್ಲ ಎಂದಲ್ಲ. ಗೋವಾದ ಕಡಲು ಸಾಕಾಗಿ ಹಂಪಿಗೆ ಹೊರಟ ಬಿಳಿಯರು ಹುಬ್ಬಳ್ಳಿ, ಗದಗ, ಕೊಪ್ಪಳದ 67ನೇ ಹೆದ್ದಾರಿ ಹಿಡಿದು ಬರುವುದುಂಟು. ಯುರೋಪಿನಿಂದ ಗಾಡಿ ತಂದವರು, ಕಾರ್ನೆ ಎಂಬ ಸುಂಕದ ಪುಸ್ತಕವನ್ನು ಜೀವದಷ್ಟು ಜೋಪಾನ ಮಾಡುತ್ತಾ, ದಂಡಿನ ಲಾರಿಗಳನ್ನು ಮನೆ ಮಾಡಿಕೊಂಡು ತಿರುಗುತ್ತಾರೆ. ಆ ಲಾರಿಮನೆಗಳ ಟ್ಯಾಂಕು 300–400 ಲೀಟರ್ ಹಿಡಿಯುತ್ತದೆ. ಅಮೆರಿಕದ್ದೂ ಏನು ಕಡಿಮೆಯಿಲ್ಲ. ಅಲ್ಲಿ ಎಂಜಿನ್ನನ್ನು ಹಿಂದಿಟ್ಟು ಬಸ್ಸಿನಷ್ಟು ಉದ್ದ ಕಟ್ಟಿದ ಮನೆಗಳಿಗೆ 100 ಗ್ಯಾಲನ್, ಅಂದರೆ ಸುಮಾರು 380 ಲೀಟರ್ ಟ್ಯಾಂಕು. ಲೀಟರಿಗೆ ಮೂರು ಮೂರೂವರೆ ಕೊಟ್ಟರೆ ಹೆಚ್ಚು. ಅವರಿಗೆ ದಾರಿಯಲ್ಲಿ ಲಾರಿಗಳಿಗೆಂದೇ ಬೇರೆ ಬಂಕು, ಅಗಲವಾದ ಸಾಲು, ಎರಡೂ ಮಗ್ಗುಲಿನ ಟ್ಯಾಂಕುಗಳನ್ನು ಒಮ್ಮೆಲೇ ತುಂಬುವ ಜೋಡಿ ಪೈಪು. ನಮ್ಮ ಆಗಿನ ಬೆಲೆಯಲ್ಲಿ, ಲೀಟರಿಗೆ ₹91ರಂತೆ ಅಲ್ಲಿಯ ಒಂದು ಟ್ಯಾಂಕು ತುಂಬಿಸಿದರೆ ₹34,500 ದಾಟುತ್ತಿತ್ತು. ಆ ದುಡ್ಡಿನಲ್ಲಿ ನಮ್ಮೂರಲ್ಲಿ ಸಣ್ಣದೊಂದು ಕುಬಸದ ಕಾರ್ಯ ಮುಗಿಸಿ, ಬಂದವರ ಕೈಗೆ ಟವೆಲ್ಲೂ ಕೊಟ್ಟು ಕಳಿಸಬಹುದು.

ಡೀಸೆಲ್ ಲೆಕ್ಕವನ್ನಂತೂ ಗದಗಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ವಿಜಯ ಸಂಕೇಶ್ವರರು 1976ರಲ್ಲಿ ಒಂದೇ ಒಂದು ಲಾರಿಯಿಂದ ಧಂದೆ ಶುರು ಮಾಡಿದ್ದು ಇದೇ ಊರಲ್ಲಿ. ಅದು ಮುಂದೆ ಸಾವಿರಾರು ಗಾಡಿಗಳ ಕಂಪನಿಯಾಯಿತು. ಅವತ್ತಿನಿಂದ ಇಲ್ಲಿಯ ಪ್ರತಿ ಚಹಾದಂಗಡಿಯಲ್ಲೂ "ಆವಾಗ ನಾನೂ ಒಂದ್ ಲಾರಿ ತಗೋಬೇಕಾಗಿತ್ತು" ಎಂದು ಬಶಿಗೆ ಚಹಾ ಸುರಿದುಕೊಳ್ಳುವವರು ಒಬ್ಬಿಬ್ಬರು ಇದ್ದೇ ಇರುತ್ತಾರೆ. ಅಂಥವರೇ ನಾಲ್ಕಾರು ಮಂದಿ ಮುಂಡರಗಿ ರಸ್ತೆಯ ಬಂಕಿನ ಪಕ್ಕದ ಅಂಗಡಿಯಲ್ಲಿ ಕೂತಿದ್ದಾಗ ನಮ್ಮ ಮನೆ ಒಳಗೆ ತಿರುಗಿತು.

ತಿರುಗಿತು ಅಂದರೆ ಒಮ್ಮೆಲೇ ತಿರುಗಲಿಲ್ಲ. ಬಂಕಿನ ಮಾಡು ನೋಡಲು ಎತ್ತರವಾಗಿಯೇ ಇತ್ತು, ಆದರೆ ನೆತ್ತಿಯ ಮೇಲೆ ಎ.ಸಿ. ಹೊತ್ತ ಗಾಡಿಯಲ್ಲಿ ಕೂತವನಿಗೆ ಯಾವ ಮಾಡೂ ಎತ್ತರ ಅನ್ನಿಸುವುದಿಲ್ಲ. ಅಳಿಯ ಇಳಿದು ಮುಂದೆ ನಿಂತ. ಚಹಾದಂಗಡಿಯ ಪಂಚರು ಎದ್ದು ಬಂದು ಹಿಂದೆ, ಎಡಕ್ಕೆ, ಬಲಕ್ಕೆ ನಿಂತರು. "ಬರ್ಲಿ, ಬರ್ಲಿ, ಬರ್ಲಿ… ಹೋಲ್ಡಾನ್! ಸ್ವಲ್ಪ ಹಿಂದ… ಹಾಂ, ಈಗ ಕಟ್ ಹೊಡೀ!" ಎಲ್ಲರೂ ಬೇರೆಬೇರೆ ಕಡೆಗೆ ಕೈ ಬೀಸುತ್ತಿದ್ದರು. ಡ್ರೈವರ್ ಯಾರನ್ನೂ ನೋಡದೆ ಕನ್ನಡಿಯೊಂದನ್ನೇ ನೋಡಿಕೊಂಡು ತಂದು ನಿಲ್ಲಿಸಿದ. ನಾವು ಹೇಳಿದ್ದಕ್ಕೇ ಸರಿಯಾಗಿ ನಿಂತಿತೆಂದು ಪಂಚರಿಗೆ ಬಹಳ ಸಮಾಧಾನವಾಯಿತು.

ಪೈಪು ಹಿಡಿದು ಬಂದ ಹುಡುಗ ಗಾಡಿಯ ಮಗ್ಗುಲನ್ನು ಹಿಂದಿನಿಂದ ಮುಂದಿನವರೆಗೆ ನೋಡಿ ನಿಂತುಬಿಟ್ಟ.

"ಅಣ್ಣಾರ, ಇದಕ್ಕ ಬಾಯಿ ಮೂರು ಅದಾವಲ್ರೀ. ಯಾವದಕ್ಕ ಹಾಕ್ಲಿ?"

ನಿಜ, ಮೂರಿದ್ದವು. ಒಂದು ಕರಿ ಮುಚ್ಚಳ, ಒಂದು ನೀಲಿ, ಒಂದು ಬಿಳಿ. ಹುಡುಗ ಅವುಗಳಲ್ಲಿ ಸ್ವಚ್ಛವಾಗಿ ಕಂಡ ಬಿಳಿಯದರ ಮೇಲೆ ಕೈ ಇಟ್ಟ.

"ಲೇ ಲೇ ಲೇ! ಅದ್ಕಲ್ಲ ಕಣಪ್ಪೋ, ಅದು ಸ್ನಾನದ ನೀರು!" ಎಂದು ಡ್ರೈವರ್ ಕಿಟಕಿಯಿಂದಲೇ ಹಾರುವವನಿದ್ದ. ಕರಿಯದು ಡೀಸೆಲ್ಲಿನದು. ನೀಲಿಯದು ಏನೆಂದು ಕೇಳಿದವರಿಗೆ "ಯೂರಿಯಾ" ಅಂದ. ಆ ಮಾತು ಆಡಬಾರದಿತ್ತು.

ಹಿಂದೆ ಟ್ರ್ಯಾಕ್ಟರಿನಲ್ಲಿ ಕೂತಿದ್ದ ರೈತರೊಬ್ಬರು ಇಳಿದೇ ಬಂದರು. "ಏನಂದಿ? ಯೂರಿಯಾ? ಗಾಡೀಗಿ? ಮಳಿಗಾಲದಾಗ ಒಂದ್ ಚೀಲ ಬೇಕಂದ್ರ ನಾವು ಸೊಸೈಟಿ ಮುಂದ ಚಪ್ಪಲ್ ಸಾಲಿಗಿಟ್ಟು ಕಾಯಬೇಕು, ಇಲ್ಲಿ ಗಾಡೀಗಿ ಕುಡಸ್ತಾರ!"

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿದವನಿಗೆ ಇಂಥಲ್ಲಿ ಸುಮ್ಮನಿರಲು ಬರುವುದಿಲ್ಲ. ಅದು ಹೊಲದ ಯೂರಿಯಾ ಅಲ್ಲರೀ, ಹೊಲದ್ದಕ್ಕೆ ಬೇವಿನ ಎಣ್ಣೆ ಸವರಿರುತ್ತಾರೆ, ಇದು ಶುದ್ಧ ನೀರಿನಲ್ಲಿ ಶೇಕಡಾ 32.5ರಷ್ಟು ಶುದ್ಧ ಯೂರಿಯಾ ಕರಗಿಸಿದ ದ್ರಾವಣ. ಎಂಜಿನ್ನಿಗೆ ಹೋಗುವುದೇ ಇಲ್ಲ, ಹೊಗೆ ಕೊಳವೆಗೆ ಸಿಂಪಡಣೆಯಾಗುತ್ತದೆ. ಅಲ್ಲಿ ಹೊಗೆಯೊಳಗಿನ ಸಾರಜನಕದ ಆಕ್ಸೈಡುಗಳನ್ನು ಬಡಿದು ಬರಿಯ ಸಾರಜನಕ ಮತ್ತು ನೀರು ಮಾಡುತ್ತದೆ. 2020ರ ಏಪ್ರಿಲ್‌ನಿಂದ ಬಿಎಸ್-6 ಬಂದಿದೆಯಲ್ಲ, ದೊಡ್ಡ ಡೀಸೆಲ್ ಗಾಡಿಗಳಿಗೆ ಇದು ಬೇಕೇಬೇಕು, ಇದು ತೀರಿದರೆ ಗಾಡಿಯೇ ಮುಷ್ಕರ ಹೂಡುತ್ತದೆ ಎಂದೆಲ್ಲ ವಿವರಿಸಿದೆ. ಅವರು ಪೂರ್ತಿ ಕೇಳಿದರು. ಕೇಳಿ, "ಅಂದ್ರ ಹೊಗಿಗಿ ಹಾಕಾಕ ಗೊಬ್ಬರ ಐತಿ, ಪೀಕಿಗಿ ಹಾಕಾಕ ಇಲ್ಲ. ಹೌದಿಲ್ರೀ ಸರ?" ಅಂದರು. ಪಾಠ ಅರ್ಥವಾಗಿರಲಿಲ್ಲ ಎನ್ನುವ ಹಾಗಿರಲಿಲ್ಲ.

"ಝೀರೋ ನೋಡ್ರಿ ಸರ" ಎಂದು ಹುಡುಗ ಪೈಪು ಸಿಕ್ಕಿಸಿದ. ಅಷ್ಟರಲ್ಲಿ ಬಂಕಿನ ಮ್ಯಾನೇಜರು ಬುಶ್‌ಕೋಟಿನ ಜೇಬು ಹಿಡಿದುಕೊಂಡು ಓಡಿಬಂದ. "ಯಾರ್ರೀ ಅದು, ಒಳಗ ಒಲಿ ಹಚ್ಚಿದವ್ರು!"

ನಮ್ಮ ಮನೆಯಾಕೆ. ಗಾಡಿ ನಿಂತಿತು ಅಂದರೆ ಚಹಾ ಎಂಬುದು ಅವಳ ತಿಳಿವಳಿಕೆ. ಅಡುಗೆಮನೆ ಇದೆ, ಹಾಲಿದೆ, ಇದಕ್ಕಿಂತ ಬೇರೆ ಮುಹೂರ್ತ ಯಾವುದು? ಡೀಸೆಲ್ ಪೆಟ್ರೋಲಿನಷ್ಟು ಸಿಡುಕಿನದಲ್ಲ, ನಿಜ. ಆದರೆ ಆಚೆ ಸಾಲಿನಲ್ಲಿ ಪೆಟ್ರೋಲ್ ಹಾಕಿಸಿಕೊಳ್ಳುವ ಮೋಟರ್‌ಸೈಕಲ್ಲುಗಳ ಸಂತೆಯೇ ಇತ್ತು. ಒಲೆ ಆರಿಸಿದ್ದಾಯಿತು. ಸಿಲಿಂಡರಿನ ಕಾಕು ತಿರುಗಿಸಿದ್ದಾಯಿತು. ಕೆಲವು ಗಾಡಿಗಳ ಫ್ರಿಜ್ಜು ಗ್ಯಾಸಿನಲ್ಲೇ ನಡೆಯುತ್ತದೆ, ಹಿಂದೆ ಸಣ್ಣದೊಂದು ಜ್ವಾಲೆ ಸದಾ ಉರಿಯುತ್ತಿರುತ್ತದೆ. ನಮ್ಮದು ಅಂಥದಲ್ಲವೆಂದು ಡ್ರೈವರ್ ಆಣೆ ಮಾಡಿ ಹೇಳಿದ ಮೇಲೆಯೇ ಮ್ಯಾನೇಜರಿನ ಕೈ ಜೇಬು ಬಿಟ್ಟಿದ್ದು. ಎಂಜಿನ್ ಬಂದ್, ಜನರೇಟರ್ ಬಂದ್. ಅಂದಮೇಲೆ ಎ.ಸಿ.ಯೂ ಬಂದ್. ಹಂಗಿಲ್ಲದ ಮನೆ ಮೂರು ನಿಮಿಷದಲ್ಲಿ ಬಿಸಿಲಿಗಿಟ್ಟ ತಗಡಿನ ಪೆಟ್ಟಿಗೆಯಾಯಿತು. ಮಕ್ಕಳು ಬೆವರು ಒರೆಸಿಕೊಳ್ಳುತ್ತಾ ಇಳಿದವು, ಅವುಗಳ ತಾಯಿ ಇಳಿದಳು, ಬಾಗಿಲು ಹಾರು ಹೊಡೆದು ನಿಂತಿತು.

ನಮ್ಮ ಕಡೆ ತೆರೆದ ಬಾಗಿಲ ಮುಂದೆ ನಿಂತು ಒಳಗೆ ನೋಡದೆ ಹೋಗುವುದು ಮನೆಯವರಿಗೆ ಮಾಡುವ ಅವಮಾನ.

ಮೊದಲು ಬಂದವರು ಹುಡುಗರು. "ಯಾವ ಹೀರೋ ಬಂದಾರ್ರೀ?" ಯಾರೂ ಇಲ್ಲವೆಂದರೆ ನಂಬಲಿಲ್ಲ. ಒಬ್ಬ ನನ್ನ ಮುಖವನ್ನೇ ಒಂದಿಷ್ಟು ಹೊತ್ತು ನೋಡಿ, ತಂದೆಯ ಪಾತ್ರ ಮಾಡುವವರಲ್ಲಿ ನನ್ನನ್ನು ಹುಡುಕಿ, ಸಿಗದೆ ಬಿಟ್ಟ. ಬಿಳಿ ಅಂಗಿಯವರೊಬ್ಬರು ಬಂದು ಯಾವ ಪಕ್ಷದ ಯಾತ್ರೆ, ಸಾಹೇಬರು ಒಳಗೆ ಮಲಗಿದ್ದಾರೋ ಹೇಗೆ ಎಂದು ವಿಚಾರಿಸಿದರು. ಇನ್ನೊಬ್ಬರು ಇದು ಸಂಚಾರಿ ಆಸ್ಪತ್ರೆಯೇ ಸರಿ ಎಂದು ತೀರ್ಮಾನಿಸಿ ಅಂಗಿಯ ತೋಳು ಮಡಚಿ ಬಿ.ಪಿ. ನೋಡಲು ಕೈ ಚಾಚಿದರು. ಅಳಿಯ ಪ್ರತಿಯೊಬ್ಬರಿಗೂ "ಇಲ್ರಿ, ಮನಿ ಐತ್ರಿ, ನಾವೇ ಇರತೀವ್ರಿ" ಅಂದ. ಅದು ಎಲ್ಲದಕ್ಕಿಂತ ನಂಬಲಾಗದ ಉತ್ತರವಾಗಿತ್ತು. ಮನೆ ಅಂದಮೇಲೆ ಹೆಣ್ಣುಮಕ್ಕಳು ಹೊರಗೇ ನಿಲ್ಲುವುದುಂಟೆ? ಬಸ್ಸಿಗೆ ಕಾಯುತ್ತಿದ್ದವರೆಲ್ಲ ಚಪ್ಪಲಿ ಮೆಟ್ಟಿಲ ಕೆಳಗೆ ಬಿಟ್ಟು ಹತ್ತಿದರು.

"ಅಯ್ಯ, ಒಲಿ ಮಗ್ಗಲಕ ಪಾಯಖಾನಿ! ಹ್ಯಾಂಗ ಉಣತೀರವ್ವಾ?"

"ದೇವರ ಮನಿ ಎಲ್ಲೈತಿ ತಂಗಿ?"

ಅಳಿಯನ ಹೆಂಡತಿ ಸ್ಟೇರಿಂಗಿನ ಮುಂದೆ ಅಂಟಿಸಿದ್ದ ಹೆಬ್ಬೆರಳಿನಷ್ಟು ಗಣಪತಿಯನ್ನು ತೋರಿಸಿದಳು. "ಡ್ರೈವರನ ದೇವ್ರ ನಿಮಗೂ ನಡೀತೈತಿ ಬಿಡು" ಎಂದು ಒಬ್ಬಾಕೆ ಸಮಾಧಾನ ಹೇಳಿದಳು. ನಮ್ಮಾಕೆ ಮನೆಯೊಡತಿಯ ಗತ್ತಿನಲ್ಲಿ ಎಲ್ಲರ ಕೈಗೂ ಶೇಂಗಾ ಹೋಳಿಗೆ ಇಟ್ಟಳು. ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸಲಾದೀತೆ?

ಹೊರಗೆ ಡೀಸೆಲ್ಲಿನದೇ ಇನ್ನೊಂದು ತಕರಾರು. ಅದಕ್ಕೆ ನೊರೆ ಏಳುವ ಚಾಳಿ. ಪೈಪಿನ ನಳಿಕೆಯ ತುದಿಯಲ್ಲಿ ಕಡ್ಡಿ ಹೋಗುವಷ್ಟು ಸಣ್ಣ ತೂತೊಂದಿರುತ್ತದೆ, ಗಾಳಿ ಎಳೆಯುವುದಕ್ಕೆ. ಟ್ಯಾಂಕು ತುಂಬಿ ಆ ತೂತು ಮುಚ್ಚಿತೋ, ಹಿಡಿಕೆ ಟಕ್ ಎಂದು ತಾನೇ ಬಿಡುತ್ತದೆ. ಮುಚ್ಚಿದ್ದು ಡೀಸೆಲ್ಲೋ ಬರೀ ನೊರೆಯೋ ಅದಕ್ಕೆ ತಿಳಿಯದು. ನಮ್ಮ ಟ್ಯಾಂಕಿನ ಕೊರಳು ಬೇರೆ ಸೊಟ್ಟ. ಟಕ್. ಹುಡುಗ ನಳಿಕೆಯನ್ನು ಅರ್ಧ ಹೊರಗೆಳೆದು, ಓರೆ ಮಾಡಿ, ಮತ್ತೆ ಒತ್ತಿದ. ನಾಲ್ಕು ಲೀಟರ್ ಹೋಯಿತು, ಟಕ್. ಬಾಯಿಯಲ್ಲಿ ಹಳದಿ ನೊರೆ ಗುಳುಗುಳು ಎಂದು ಎದ್ದು, ಅಂಚಿಗೆ ಬಂದು, ನಿಧಾನ ಇಳಿಯಿತು. "ಗಾಳಿ ಹಿಡದೈತ್ರಿ, ಸ್ವಲ್ಪ ಅಳ್ಳಾಡಸಬೇಕು" ಎಂದ. ಲಾರಿಗಳಿಗೆ ಮಾಡಿ ರೂಢಿ ಅವನಿಗೆ. ಪಂಚರಲ್ಲಿ ಇಬ್ಬರು ಸೇರಿಕೊಂಡು ಬಂಪರ್ ಹಿಡಿದು ಗಾಡಿಯನ್ನು ತೂಗಿದರು. ಒಳಗೆ ಲೋಟ, ತಾಟು, ದಬರಿ, ಹೋಳಿಗೆ ಡಬ್ಬಿ ಎಲ್ಲ ಒಟ್ಟಿಗೆ ಮಾತಾಡಿದವು. "ಭೂಕಂಪ ಆತ ಬೇ!" ಎಂದು ಹೆಂಗಸರು ಕೂಗಿದರು. ಆದರೂ ಯಾರೊಬ್ಬರೂ ಇಳಿಯಲಿಲ್ಲ.

ಮೀಟರಿನಲ್ಲಿ ರೂಪಾಯಿ ಮಾತ್ರ ನೊರೆ ಗಿರೆ ನೋಡದೆ ಓಡುತ್ತಿತ್ತು. ರಾಜ್ಯ ಸರ್ಕಾರ 2025ರ ಏಪ್ರಿಲ್ 1ರಿಂದ ಡೀಸೆಲ್ಲಿನ ಮಾರಾಟ ತೆರಿಗೆಯನ್ನು ಶೇ. 21.17ಕ್ಕೆ ಏರಿಸಿದ್ದು ಪಂಚರಿಗೆ ದಶಾಂಶ ಸಮೇತ ಗೊತ್ತಿತ್ತು. ಅದನ್ನು ಕೇಳಿ ನನಗೆ ರುಡಾಲ್ಫ್ ಡೀಸೆಲ್ ನೆನಪಾದ. ಡೀಸೆಲ್ ಎಂಬುದು ಎಣ್ಣೆಯ ಹೆಸರಾಗುವ ಮೊದಲು ಒಬ್ಬ ಮನುಷ್ಯನ ಅಡ್ಡಹೆಸರು ಎಂಬುದು ಬಂಕಿನಲ್ಲಿ ಯಾರಿಗೂ ಬೇಕಿರಲಿಲ್ಲ, ಆದರೂ ಹೇಳಿದೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅವನ ಮಾದರಿಯ ಎಂಜಿನ್ನೊಂದನ್ನು ಶೇಂಗಾ ಎಣ್ಣೆ ಹಾಕಿಯೇ ಓಡಿಸಿ ತೋರಿಸಿದ್ದರು. 1913ರ ಸೆಪ್ಟೆಂಬರಿನಲ್ಲಿ ಆತ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ರಾತ್ರೋರಾತ್ರಿ ಕಾಣೆಯಾದ. ಪ್ಯಾರಿಸ್ಸಿನವರು ಅವತ್ತು ಶೇಂಗಾಕ್ಕೇ ಹಟ ಹಿಡಿದಿದ್ದರೆ ಇವತ್ತು ಲಕ್ಷ್ಮೇಶ್ವರ, ಮುಂಡರಗಿಯ ರೈತರು ಅರಬ್ ಶೇಖರಾಗಿ, ಗದಗಿನ ಎಪಿಎಂಸಿ ಒಪೆಕ್ ಆಗುತ್ತಿತ್ತು.

"ಶೇಂಗಾ ಎಣ್ಣಿ ಈಗ ಡೀಜಲ್ಲಿನ ಡಬಲ್ ರೇಟ್ ಐತ್ರಿ ಸರ" ಎಂದರು ಟ್ರ್ಯಾಕ್ಟರಿನ ರೈತರು. "ಪುಣ್ಯಾಕ್ಕ ಮಂದಿ ಡೀಜಲ್ಲಿನ್ಯಾಗ ಮಿರ್ಚಿ ಕರಿಯಂಗಿಲ್ಲ."

ಆಗ ಗುಂಪಿನ ಹಿಂದಿನಿಂದ ತಾಂಡಾದ ಹಿರಿಯರೊಬ್ಬರು ಮುಂದೆ ಬಂದರು. ಕೆಂಪು ರುಮಾಲು, ಕೈಯಲ್ಲಿ ಕೋಲು. ಗಾಡಿಯನ್ನು ಸುತ್ತುಹಾಕಿ, ಗಾಲಿಗೊಂದು ಕೋಲು ತಾಗಿಸಿ, "ನಮ್ಮ ಹಿರ್ಯಾರೂ ಹೀಂಗ ಮನಿ ಮಾರು ಕಟಗೊಂಡು ತಿರಗತಿದ್ರು. ಎತ್ತಿನ ಮ್ಯಾಲ. ಮೂರು ಬಾಯಿ ಇರಲಿಲ್ಲ, ಒಂದ ಬಾಯಿ. ಹುಲ್ಲ ತಿಂತಿತ್ತು" ಎಂದರು.

ಇದು ಪಠ್ಯಪುಸ್ತಕಕ್ಕೆ ಬರಬೇಕಾದ ಮಾತು. ಕಾಳು, ಉಪ್ಪು ಹೇರಿದ ಎತ್ತುಗಳ ಹಿಂಡು ಹೊಡೆದುಕೊಂಡು ದೇಶ ಸುತ್ತುತ್ತಿದ್ದ ಲಂಬಾಣಿಗಳಿಲ್ಲದೆ ಆಗಿನ ಯಾವ ದಂಡೂ ಒಂದು ಹೆಜ್ಜೆ ಕಿತ್ತಿಡುತ್ತಿರಲಿಲ್ಲ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಆರ್ಥರ್ ವೆಲ್ಲೆಸ್ಲಿ, 1800ರ ಜುಲೈನಲ್ಲಿ ಬಂಡಾಯಗಾರ ಧೋಂಡಿಯಾ ವಾಘನ ಬೆನ್ನು ಹತ್ತಿ ಇದೇ ಸೀಮೆಗೆ ಬಂದು ಡಂಬಳದ ಕೋಟೆ ಹಿಡಿದಾಗ ಅವನ ಸೈನ್ಯಕ್ಕೆ ಕಾಳು ಮುಟ್ಟಿಸಿದವರು ಇವರ ಹಿರಿಯರೇ. ಇಂಗ್ಲಿಷರ ಕಾಗದಪತ್ರಗಳಲ್ಲಿ ಬ್ರಿಂಜಾರಿಗಳು ಎಂದು ಅವರ ಹೆಸರು. ಇವತ್ತಿಗೂ ಹೀಗೆ ಬಂಕಿಲ್ಲದೆ ಬರುವವರಿದ್ದಾರೆ: ಚಳಿಗಾಲಕ್ಕೆ ಹಿಮಾಲಯ ದಾಟಿ ಶಿರಹಟ್ಟಿ ಹತ್ತಿರದ ಮಾಗಡಿ ಕೆರೆಗೆ ಇಳಿಯುವ ಪಟ್ಟೆತಲೆ ಹೆಬ್ಬಾತುಗಳು. ಹಗಲೆಲ್ಲ ಕೆರೆಯಲ್ಲಿ ತೇಲಿ, ಕತ್ತಲಾದ ಮೇಲೆ ಸುತ್ತಲಿನ ಹೊಲಗಳಿಗೆ ಇಳಿದು ಟ್ಯಾಂಕು ತುಂಬಿಸಿಕೊಳ್ಳುತ್ತವೆ. ಬಿಲ್ಲು ರೈತನ ಹೆಸರಿಗೆ. 2024ರಲ್ಲಿ ಆ ಕೆರೆಗೆ ರಾಮ್ಸಾರ್ ಪಟ್ಟ ಬಂದಾಗ ಹೊಲದವರಿಗೆ ಎಷ್ಟು ಹಿಗ್ಗಾಯಿತೋ, ನಾನು ಕೇಳಲು ಹೋಗಲಿಲ್ಲ.

ಕೊನೆಗೂ ಟ್ಯಾಂಕು ತುಂಬಿತು. ₹13,000ದ ಮೇಲೆ ಮತ್ತಷ್ಟು. ಅಳಿಯ ಫೋನ್ ಹಿಡಿದು ದುಡ್ಡು ಹಾಕಿದ; ಬಂದ ಮೊತ್ತವನ್ನು ಡಬ್ಬಿಯಿಂದ ಹೆಂಗಸಿನ ಧ್ವನಿಯೊಂದು ಇಡೀ ಬಂಕಿಗೆ ಕೇಳುವ ಹಾಗೆ ಸಾರಿತು. ಪಂಚರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬರು ಮೆಲ್ಲಗೆ, ತಡೆಯಲಾರದೆ ಕೇಳಿಯೇಬಿಟ್ಟರು: "ಎಷ್ಟು ಕೊಡತೈತಿ?"

ಹೆಂಗಸರೆಲ್ಲ ಇಳಿದು, "ನಮ್ಮ ಕಡೆ ಬಂದಾಗ ಮನಿಗೆ ಬರ್ರೆವ್ವಾ" ಎಂದು ಕರೆದು ಹೋದರು. ಮಕ್ಕಳು ಹತ್ತಿದವು. ಎಂಜಿನ್ ಶುರುವಾಗಿ ಎ.ಸಿ. ಮೈದುಂಬಿತು. ನಾವು ಮೊದಲು ಡಂಬಳದ ದೊಡ್ಡಬಸಪ್ಪನ ಗುಡಿ ನೋಡಿ ಮುಂದೆ ಹಂಪಿಗೆ ಹೋಗುವುದೆಂದು ಮಾತಾಗಿತ್ತು. ಬಂಕು ದಾಟಿ ರಸ್ತೆಗೆ ಬಿದ್ದ ಮೇಲೆ ಮೊಮ್ಮಗ ಹೇಳಿದ, ಹಾಸಿಗೆಯ ಮೇಲೆ ಯಾರೋ ಅಜ್ಜಿ ಇದ್ದಾರೆ ಅಂತ.

ಇದ್ದರು. ಕಿಟಕಿಯ ಪಕ್ಕ ಕಾಲು ಮಡಚಿ ಕೂತು, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು, ಎಲೆಗೆ ಸುಣ್ಣ ಸವರುತ್ತಿದ್ದರು. ನನ್ನನ್ನು ಕಂಡೊಡನೆ ಸೆರಗಿನ ಗಂಟು ಬಿಚ್ಚಿ ಆಧಾರ್ ಕಾರ್ಡು ಚಾಚಿದರು.

"ಡಂಬಳ ಒಂದ."

ಅಜ್ಜಿ, ಇದು ಬಸ್ಸಲ್ಲ ಎಂದೆ. "ಗೊತ್ತೈತೇಳಪಾ, ಹೊಸಾ ಬಸ್ಸು. ಮಲಗಾಕೂ ಕೊಟ್ಟಾರ" ಎಂದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಲಾಗಾಯ್ತು ಹೆಂಗಸರಿಗೆ ಬಸ್ಸು ಪುಕ್ಕಟೆ. ಸರ್ಕಾರ ದಿನಕ್ಕೊಂದು ಹೊಸದು ಮಾಡುತ್ತದೆ, ಇವತ್ತು ಹಾಸಿಗೆ ಕೊಟ್ಟಿದೆ, ಇದರಲ್ಲಿ ಬೆರಗೇನು? ಡಂಬಳ ದಾರಿಯಲ್ಲೇ ಇತ್ತು. ಕೂತಿರಿ ಎಂದೆವು.

"ಅದು ಸರಿ, ಟಿಕೀಟ? ಪುಕ್ಕಟ ಇದ್ರೂ ಸೊನ್ನಿ ಟಿಕೀಟ ಹರದ ಕೊಡಬೇಕು. ಚೆಕಿಂಗ್ನ್ಯಾವ್ರು ಬಂದ್ರ ಕಂಡಕ್ಟರ್ ನೀ ಇರತೀಯೇನು?"

ಅಳಿಯ ನನ್ನನ್ನು ನೋಡಿದ, ನಾನು ಅಳಿಯನನ್ನು ನೋಡಿದೆ. ಅವನು ಜೇಬಿನಿಂದ ಬಂಕಿನ ಬಿಲ್ಲು ತೆಗೆದು ಕೊಟ್ಟ. ಅಜ್ಜಿ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ಏಟ್ ಸೊನ್ನಿ ಹೊಡದಾರ" ಎನ್ನುತ್ತಾ ನಾಲ್ಕು ಮಡಿಕೆ ಮಾಡಿ ಎಲೆಅಡಿಕೆಯ ಚೀಲಕ್ಕೆ ಸೇರಿಸಿದರು. ಆಮೇಲೆ ಕ್ಯಾಬಿನ್ನಿನ ಕಡೆ ಕತ್ತು ಚಾಚಿ, "ಏ ತಮ್ಮಾ, ಗುಡಿ ಹತ್ರ ನಿಲ್ಲಸು, ಸ್ಟಾಂಡಿನ ತನಕಾ ಒಯ್ಯಬ್ಯಾಡ" ಎಂದು ಡ್ರೈವರನಿಗೆ ಹೇಳಿದರು.